ಒಂದೇ ಸಲ ಕೇಳಬೇಕಾದ ಪ್ರಶ್ನೆ

ನನ್ನ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಇಡುವುದು ಒಂದು ಕಿರೀಟದಲ್ಲಿ. ನಗಬೇಡಿ, ನಿಜವಾಗಿಯೂ ಕಿರೀಟವೇ. ತಗಡಿನದು. ಒಂದು ಕಾಲಕ್ಕೆ ಅದರ ಮೈತುಂಬ ಬೇಗಡೆ, ಬಣ್ಣದ ಮಣಿ ಎಲ್ಲ ಇದ್ದವು, ಈಗ ಬೋಳು. ಸಿಂಬಿಯ ಮೇಲೆ ಮಗುಚಿ ಕೂರಿಸಿದರೆ ತಿಂಗಳಿಗಾಗುವಷ್ಟು ಬೆಳ್ಳುಳ್ಳಿ ಹಿಡಿಯುತ್ತದೆ. ಮಣಿ ಕಿತ್ತುಹೋದ ತೂತುಗಳಿಂದ ಗಾಳಿಯಾಡುವುದರಿಂದ ಮೊಳಕೆಯೂ ಬರುವುದಿಲ್ಲ. ಮಹಾರಾಜರ ತಲೆಯ ಮೇಲೆ ಕೂತಿದ್ದ ವಸ್ತುವೊಂದು ಜನರಿಗೆ ಇಷ್ಟು ಉಪಯೋಗಕ್ಕೆ ಬಂದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೊನ್ನೆ ಮಹಡಿ ಮೇಲಿನ ಬಾಡಿಗೆಯವರ ಮಗಳು ಬೆಳ್ಳುಳ್ಳಿ ಕೇಳಿಕೊಂಡು ಕೆಳಗಿಳಿದು ಬಂದಳು. ಎಂ.ಎ. ಓದುವ ಹುಡುಗಿ, ಒಳ್ಳೆಯವಳೇ. ಒಂದು ಕೈಯಲ್ಲಿ ಬಟ್ಟಲು, ಇನ್ನೊಂದು ಕೈಯಲ್ಲಿ ನೋಟ್ಸು. ನಾಳೆಯೇ ಪರೀಕ್ಷೆಯಂತೆ. ನಾನು ಬೆಳ್ಳುಳ್ಳಿ ಆರಿಸುವಷ್ಟರಲ್ಲಿ ಗಟ್ಟಿಯಾಗಿ ಬಾಯಿಪಾಠ ಮಾಡತೊಡಗಿದಳು: “ಡಿಸ್ಟೋಪಿಯನ್ ಕಾದಂಬರಿಗಳಲ್ಲಿ ಸರ್ವಾಧಿಕಾರಿ ಸರ್ಕಾರ ಬಳಸುವ ಪ್ರಚಾರ ತಂತ್ರಗಳು. ಒಂದೇ ಮಾತನ್ನು ನೂರು ಸಲ ಹೇಳುವುದು. ಎಲ್ಲೆಲ್ಲೂ ಒಂದೇ ಮುಖ ತೂಗುಹಾಕುವುದು. ಇಲ್ಲದ ಶತ್ರುವನ್ನು ತೋರಿಸುವುದು. ನಡೆದದ್ದನ್ನು ನಡೆದೇ ಇಲ್ಲ ಎನ್ನುವುದು...”

“ಡಿಸ್ಟೋಪಿಯನ್ ಅಂದರೇನಮ್ಮಾ?” ಅಂದೆ.

“ಇಲ್ಲದಿರೋ ಒಂದು ಕೆಟ್ಟ ದೇಶಾನ ಕಲ್ಪಿಸಿಕೊಂಡು ಬರೆಯೋದು ಆಂಟಿ. ಎಲ್ಲಾ ಕಾಲ್ಪನಿಕ.”

ಅಷ್ಟೇ. ನನ್ನ ಪಿತ್ತ ನೆತ್ತಿಗೇರಿತು. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ಹುಡುಗರು ಹಿಂದಿನಿಂದ ನನ್ನನ್ನು ಮೆಣಸಿನಕಾಯಿ ಮೇಡಂ ಎಂದು ಕರೆಯುತ್ತಿದ್ದರು, ನನಗೆ ಗೊತ್ತಿತ್ತು. ಡಾಕ್ಟರು ಬಿ.ಪಿ. ಮಾತ್ರೆ ಕೊಡುವಾಗಲೆಲ್ಲ, “ಮೇಡಂ, ಸಿಟ್ಟು ಮಾಡ್ಕೋಬ್ಯಾಡ್ರಿ” ಅನ್ನುತ್ತಾರೆ. ಅವರು ಹಾಗೆ ಅನ್ನುವುದಕ್ಕೇ ನನಗೆ ಸಿಟ್ಟು ಬರುತ್ತದೆ. ಪಾಪ, ಆ ಹುಡುಗಿ ಏನು ಮಾಡಿದ್ದಳು? “ಕಾಲ್ಪನಿಕವಂತೆ ಕಾಲ್ಪನಿಕ! ಆ ಬೆಳ್ಳುಳ್ಳಿ ಇರೋ ಬುಟ್ಟಿನ ಸರಿಯಾಗಿ ನೋಡು” ಎಂದು ನಾನು ಕೂಗಿದ ಕೂಗಿಗೆ ಬಟ್ಟಲು ಬಿಟ್ಟು ಓಡಿಹೋದಳು. ಅವಳು ಕೇಳದೆ ಹೋದದ್ದನ್ನು ನೀವಾದರೂ ಕೇಳಿ. ಅಡುಗೆ ಹೇಗೂ ತಡವಾಗಿದೆ.

ಈ ಕಿರೀಟ ನನ್ನ ಸೋದರಮಾವನದು. ಮಾವ ರಾಜನಲ್ಲ, ನಾಟಕದ ಮೇಷ್ಟ್ರು. ಹೆಸರು ಬಸಲಿಂಗಪ್ಪ, ಚನ್ನಗಿರಿಯಿಂದ ಜಗಳೂರಿನ ತನಕ ಎಲ್ಲರಿಗೂ ಪೇಟಿ ಮೇಷ್ಟ್ರು. ಪೇಟಿ ಅಂದರೆ ಹಾರ್ಮೋನಿಯಂ. ಆಗ ನಮ್ಮ ಕಡೆ ಸುಗ್ಗಿ ಮುಗಿದರೆ ಊರೂರಿನಲ್ಲಿ ನಾಟಕದ ಹುಚ್ಚು. ಹಿಟ್ಟಿನ ಗಿರಣಿಯವನು, ಸೈಕಲ್ ಶಾಪಿನವನು, ಪಂಚಾಯ್ತಿ ಮೆಂಬರು ಎಲ್ಲರೂ ಬಣ್ಣ ಹಚ್ಚುವವರೇ. ಅವರಿಗೆ ಮಾತು, ಹಾಡು, ಹೆಜ್ಜೆ ಕಲಿಸಲು ಒಬ್ಬ ಮೇಷ್ಟ್ರು ಬೇಕು. ಮಾವ ಪೇಟಿಯನ್ನು ಬಸ್ಸಿನ ಟಾಪಿಗೇರಿಸಿ ಹೊರಡುತ್ತಿದ್ದ. ಒಂದು ತಿಂಗಳು ತ್ಯಾವಣಿಗೆ, ಮುಂದಿನ ತಿಂಗಳು ನಲ್ಲೂರು, ಆಮೇಲೆ ಹೊನ್ನಾಳಿ, ನ್ಯಾಮತಿ. ನಾನು ಓದಲೆಂದು ಚನ್ನಗಿರಿಯಲ್ಲಿ ಅವನ ಮನೆಯಲ್ಲೇ ಇದ್ದೆ. ಅವನು ಊರಿಗೆ ಬಂದ ದಿನ ನಮಗೆ ಹಬ್ಬ. ಅತ್ತೆ ಗೌರಮ್ಮ ಬಿಸಿ ರೊಟ್ಟಿ ತಟ್ಟುತ್ತಿದ್ದಳು, ಮಾವ ಒಲೆಯ ಮುಂದೆ ಕೂತು ಪಾತ್ರಧಾರಿಗಳ ಅವಾಂತರ ಹೇಳುತ್ತಿದ್ದ. ತ್ಯಾವಣಿಗೆಯ ಭೀಮನಿಗೆ ಗದೆ ಎತ್ತಿದ ಕೂಡಲೇ ಮಾತು ಮರೆತುಹೋಗುತ್ತಿತ್ತಂತೆ. ಅದಕ್ಕೇ ಮಾವ ಅವನ ಗದೆಯನ್ನು ಆಳಿನ ಕೈಗೆ ಕೊಟ್ಟು ಹಿಂದೆ ನಿಲ್ಲಿಸಿದನಂತೆ. ಅತ್ತೆ ನಗುನಗುತ್ತ ರೊಟ್ಟಿ ಸುಟ್ಟುಬಿಡುತ್ತಿದ್ದಳು.

ನಾಟಕದಲ್ಲಿ ಮಾವನಿಗೆ ಆಗದ ಸಂಗತಿ ಒಂದೇ ಒಂದು: ವನ್ಸ್ ಮೋರ್. ಇಂಗ್ಲಿಷಿನ ಒಂದಕ್ಷರ ಬಾರದ ನಮ್ಮ ಜನಕ್ಕೆ ಈ ಎರಡು ಪದ ಮಾತ್ರ ಎಳೆತನದಿಂದಲೇ ಬರುತ್ತಿದ್ದವು. ಹಾಡು ಹಿಡಿಸಿದರೆ ವನ್ಸ್ ಮೋರ್, ಕುಣಿತ ಹಿಡಿಸಿದರೆ ವನ್ಸ್ ಮೋರ್. ಒಮ್ಮೆ ಕೂಗಿದರೆ ಪಾತ್ರಧಾರಿ ಮತ್ತೆ ಮಾಡಲೇಬೇಕು; ಇಲ್ಲ ಅನ್ನುವ ಹಾಗಿಲ್ಲ. ಅಂದರೆ ನಾಟಕ ಮುಂದೆ ಹೋಗುವುದೇ ಇಲ್ಲ, ಜನ ಬಿಡುವುದಿಲ್ಲ. ಹೊನ್ನಾಳಿಯಲ್ಲಿ ಒಮ್ಮೆ ದುರ್ಯೋಧನ ತೊಡೆ ಮುರಿದುಕೊಂಡು ಎಷ್ಟು ಚೆನ್ನಾಗಿ ಸತ್ತನೆಂದರೆ ಜನ ವನ್ಸ್ ಮೋರ್ ಅಂದರು. ಅವನು ಎದ್ದು, ಮೈಗೆ ಹತ್ತಿದ ದೂಳು ಕೊಡವಿ, ಕೈಮುಗಿದು, ಇನ್ನೊಮ್ಮೆ ಸತ್ತ. ಮಾವ ಪೇಟಿ ಬಿಟ್ಟು ರಂಗದ ಮೇಲೆ ಬಂದು ಜನರಿಗೇ ಬೈದ. “ಏನ್ರಲೇ, ನಿಮ್ಮನ್ಯಾಗೆ ಸತ್ತೋರು ಎದ್ದು ಬರ್ತಾರೇನ್ರಲೇ? ನಾಟಕಕ್ಕೆ ಒಂದು ನೇಮ ಬ್ಯಾಡ್ವೇನ್ರಲೇ?” ಜನ ಚಪ್ಪಾಳೆ ತಟ್ಟಿ, ಆ ಬೈಗುಳಕ್ಕೂ ವನ್ಸ್ ಮೋರ್ ಅಂದರು.

ಎಲ್ಲರೂ ಕುರುಕ್ಷೇತ್ರ, ರಾಮಾಯಣ ಆಡುತ್ತಿದ್ದ ಕಾಲದಲ್ಲಿ ಮಾವ ಒಂದು ಸ್ವಂತ ನಾಟಕ ಬರೆದ. ಅದರ ಹೆಸರು ‘ಸುಖಪುರದ ಅರಸ’. ಸುಖಪುರ ಅನ್ನುವ ಊರು ಎಲ್ಲಿಯೂ ಇಲ್ಲ, ಮಹಡಿ ಮೇಲಿನ ಹುಡುಗಿಯ ಕಾದಂಬರಿಯ ದೇಶದ ಹಾಗೆ. ಆ ಅರಸ, ನನ್ನ ರಾಜ್ಯದಲ್ಲಿ ಯಾರೂ ಅಳಬಾರದು ಎಂದು ಅಪ್ಪಣೆ ಮಾಡುತ್ತಾನೆ. ಬೀದಿಬೀದಿಯಲ್ಲಿ ಡಂಗುರದವನು ತಮಟೆ ಬಾರಿಸುತ್ತಾನೆ: “ಕೇಳ್ರಪ್ಪೋ ಕೇಳ್ರಿ! ಸುಖಪುರದಾಗೆ ಅಳೋರಿಲ್ಲ, ಹಸಿದೋರಿಲ್ಲ, ಎಲ್ಲಾರೂ ಸುಖವಾಗಿದಾರೆ!” ಒಬ್ಬ ಮುದುಕಿಯ ಮಗನನ್ನು ರಾಜಭಟರು ಹಿಡಿದುಕೊಂಡು ಹೋಗಿರುತ್ತಾರೆ. ಅವಳು ಆಸ್ಥಾನಕ್ಕೆ ಬಂದು ನನ್ನ ಮಗ ಎಲ್ಲಿ ಎಂದು ಕೇಳುತ್ತಾಳೆ. ಅರಸ ಅತಿ ಮೃದುವಾಗಿ, ನಕ್ಕೊಂಡೇ ಹೇಳುತ್ತಾನೆ: “ಅಜ್ಜಿ, ನಿನಗೆ ಮಗನೇ ಹುಟ್ಟಿರಲಿಲ್ಲ.” ಮಂತ್ರಿಗಳೆಲ್ಲ ಹೌದು ಹೌದು ಅನ್ನುತ್ತಾರೆ. ಆಗ ಮುದುಕಿ ಕೇಳುತ್ತಾಳೆ:

“ಹಂಗಾದ್ರೆ ನನ್ನ ಎದೆಹಾಲು ಕುಡಿದೋರು ಯಾರು?”

ಆ ಪ್ರಶ್ನೆ ಕೇಳಿ ಆಸ್ಥಾನದಲ್ಲಿ ಒಬ್ಬೊಬ್ಬರೇ ಕಣ್ಣೊರೆಸಿಕೊಳ್ಳತೊಡಗುತ್ತಾರೆ, ಅಳಬಾರದ ರಾಜ್ಯದಲ್ಲಿ ಎಲ್ಲರೂ ಅಳುತ್ತಾರೆ, ಅರಸನ ಕಿರೀಟ ಉರುಳುತ್ತದೆ. ಅಷ್ಟೇ ಕತೆ.

ಆ ಮಾತು ಮಾವ ಬರೆದದ್ದಲ್ಲ. ಅತ್ತೆಯದು. ಅವರಿಗೆ ಮೊದಲು ಹುಟ್ಟಿದ ಗಂಡುಮಗು ಕೂರುವುದನ್ನು ಕಲಿಯುವಷ್ಟರಲ್ಲಿ ಜ್ವರ ಬಂದು ಹೋಯಿತು. ಆಮೇಲೆ ಮಕ್ಕಳಾಗಲಿಲ್ಲ. ಮನೆಯ ಹಿರಿಯರು ಸಮಾಧಾನ ಮಾಡಲೆಂದೇ, “ಹುಟ್ಟೇ ಇರ್ಲಿಲ್ಲ ಅಂದ್ಕೊಂಬಿಡವ್ವಾ” ಅಂದರಂತೆ. ಬಾಣಂತಿಯ ಮೈ ಇನ್ನೂ ಆರಿರಲಿಲ್ಲ, ಕುಪ್ಪಸ ಒದ್ದೆಯಾಗುತ್ತಿತ್ತು. ಆಗ ಅವಳು ಆ ಪ್ರಶ್ನೆ ಕೇಳಿದಳು. ಇನ್ನೆಂದೂ ಆ ವಿಷಯ ಎತ್ತಲಿಲ್ಲ. ವರ್ಷಗಟ್ಟಲೆ ಆದಮೇಲೆ ಮಾವ ನಾಟಕ ಬರೆಯುವಾಗ, “ಗೌರೀ, ನಿನ್ನ ಮಾತು ಒಂದು ಐತೆ, ಹಾಕ್ಲಾ?” ಎಂದು ಕೇಳಿದನಂತೆ. ಅತ್ತೆ, “ಹಾಕ್ರಿ. ನಾಲ್ಕು ಜನ ಕೇಳ್ಲಿ” ಅಂದಳಂತೆ. ಇದನ್ನು ನನಗೆ ಹೇಳಿದವಳು ಅವಳೇ, ಒಂದು ಮಧ್ಯಾಹ್ನ, ಅಕ್ಕಿ ಆರಿಸುತ್ತ.

ನಾಟಕ ಹೊನ್ನಾಳಿಯಲ್ಲಿ ಗೆದ್ದಿತು, ನ್ಯಾಮತಿಯಲ್ಲಿ ಗೆದ್ದಿತು, ಜಗಳೂರಿನಲ್ಲಂತೂ ಸೊಕ್ಕೆಯ ಕಡೆಯ ಜನ ಗಾಡಿ ಕಟ್ಟಿಕೊಂಡು ಬಂದು ನೋಡಿದರು. ಮುದುಕಿಯ ಮಾತಿಗೆ ಎಲ್ಲ ಕಡೆಯೂ ವನ್ಸ್ ಮೋರ್. ಜಗಳೂರಿನ ಹಿಟ್ಟಿನ ಗಿರಣಿಯ ತಿಪ್ಪಣ್ಣ ಮೀಸೆ ಬೋಳಿಸಿ, ಸೀರೆಯುಟ್ಟು ಆ ಪಾತ್ರ ಮಾಡುತ್ತಿದ್ದ. ಜನ ಕೂಗಿದಾಗ ಅವನಿಗೆ ಹಿಗ್ಗೋ ಹಿಗ್ಗು. ಮಾವ ಮಾತ್ರ ಪೇಟಿಯ ಹಿಂದಿನಿಂದ ಕಣ್ಣು ಕೆಂಪಗೆ ಮಾಡುತ್ತಿದ್ದ. ಮಾತು ಮುಗಿದ ಕೂಡಲೇ ಜೋರಾಗಿ ಪೇಟಿ ಬಾರಿಸಿ ಕೂಗು ಕೇಳದ ಹಾಗೆ ಮಾಡಿಬಿಡುತ್ತಿದ್ದ. “ತಾಯಿ ಆದೋಳು ಆ ಪ್ರಶ್ನೇನ ಒಂದೇ ಸಲ ಕೇಳ್ಬೇಕು ಕಣ್ರಲೇ. ಎರಡನೇ ಸಲ ಕೇಳಿದ್ರೆ ಅದು ಬರೀ ನಾಟಕ ಆಗ್ತೈತೆ” ಎಂದು ತಿಪ್ಪಣ್ಣನಿಗೆ ತಾಕೀತು ಮಾಡಿದ್ದ.

ಹೀಗಿರುವಾಗ ತುರ್ತು ಪರಿಸ್ಥಿತಿ ಬಂತು. ನನಗಾಗ ಕಾಲೇಜು. ಅದು ಬಂದದ್ದು ನಮ್ಮ ಊರಿಗೆ ಗೊತ್ತಾದದ್ದು ಗೋಡೆಗಳಿಂದ. ಒಂದು ದಿನ ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ನೀಲಿ ಅಕ್ಷರ, ಮರುದಿನ ಆಸ್ಪತ್ರೆಯ ಗೋಡೆ, ಅದರ ಮರುದಿನ ನಮ್ಮ ಪಕ್ಕದ ಮನೆಯವರ ದನದ ಕೊಟ್ಟಿಗೆ. ಕಡಿಮೆ ಮಾತಾಡಿ, ಹೆಚ್ಚು ದುಡಿಯಿರಿ ಅನ್ನುವ ಉಪದೇಶ. ಎಮ್ಮೆಗಳು ಅದರ ಕೆಳಗೇ ಮಲಗಿ ಮೆಲುಕು ಹಾಕುತ್ತಿದ್ದವು. ಅಂಗಡಿ ಅಂಗಡಿಯಲ್ಲಿ ಒಂದೇ ಫೋಟೋ. ಜೀಪಿನ ಮೇಲೆ ಮೈಕು ಕಟ್ಟಿಕೊಂಡು ಬೆಳಗಿನಿಂದ ಸಂಜೆ ತನಕ ಅದೇ ಹೇಳಿದ್ದನ್ನೇ ಹೇಳುವುದು. ರೈಲು ಸರಿಯಾದ ಹೊತ್ತಿಗೆ ಬರುತ್ತಿದೆಯಂತೆ. ಚನ್ನಗಿರಿಗೆ ರೈಲೇ ಇಲ್ಲ ಮಾರಾಯರೇ! ಆದರೂ ನಾವು ಅದಕ್ಕೆ ಖುಷಿಪಡಬೇಕು. ಪ್ರೈಮರಿ ಸ್ಕೂಲಿನ ಮೇಷ್ಟ್ರುಗಳು ಪಾಠ ಬಿಟ್ಟು, ಮಕ್ಕಳಾಗದಂತೆ ಮಾಡುವ ಆಪರೇಷನ್ನಿಗೆ ಗಂಡಸರನ್ನು ಹುಡುಕಿಕೊಂಡು ಹಳ್ಳಿ ಹಳ್ಳಿ ಅಲೆಯುತ್ತಿದ್ದರು. ನ್ಯಾಮತಿಯ ಒಂದು ಹೋಟೆಲಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದವನೊಬ್ಬ, “ಮೆಣಸಿನಕಾಯಿನೂ ಸಣ್ಣ ಆಗೈತಲ್ಲೋ, ಅದಕ್ಕೂ ಆಪರೇಷನ್ ಮಾಡಿದ್ರೇನೋ” ಅಂದನಂತೆ. ಪೊಲೀಸರು ಕರೆದುಕೊಂಡು ಹೋದರು. ವಾಪಸು ಬಂದಾಗ ಅವನು ಮಂಡಕ್ಕಿಯ ಸುದ್ದಿಯನ್ನೂ ಆಡುತ್ತಿರಲಿಲ್ಲ. ಆಮೇಲೆ ಎಲ್ಲ ಹೋಟೆಲಿನಲ್ಲೂ ಇಲ್ಲಿ ರಾಜಕೀಯ ಮಾತಾಡಬಾರದು ಅನ್ನುವ ಬೋರ್ಡು.

ಹೇಳುತ್ತ ಹೇಳುತ್ತ ನನಗೆ ಇನ್ನೂ ಮೈ ಉರಿಯುತ್ತದೆ, ನೋಡಿ. ಹೊಡೆತ ತಿಂದವನಿಗೆ ಹೊಡೆತ ಬಿತ್ತು ಅಂತ ಹೇಳುವ ಹಕ್ಕೂ ಇಲ್ಲದ ಕಾಲ ಅದು. ಅದನ್ನು ಈಗ ಶಿಸ್ತಿನ ಕಾಲ ಎಂದು ಹೊಗಳುವವರು ನನ್ನ ಮುಂದೆ ಬರಬೇಕು. ನನಗೆ ಬಿ.ಪಿ. ಇದೆ, ಮುಚ್ಚುಮರೆಯಿಲ್ಲದೆ ಬೈಯುತ್ತೇನೆ.

ಚನ್ನಗಿರಿಯಲ್ಲಿ ಒಬ್ಬರು ಅಧ್ಯಕ್ಷರಿದ್ದರು. ಯಾವುದರ ಅಧ್ಯಕ್ಷರು ಎಂದು ಯಾರೂ ಕೇಳಿದ್ದಿಲ್ಲ. ಎಲ್ಲರೂ ಅಧ್ಯಕ್ಷರೇ ಅನ್ನುತ್ತಿದ್ದರು, ಅವರೂ ಓ ಅನ್ನುತ್ತಿದ್ದರು. ಖಾದಿ ಜುಬ್ಬಾ, ಎಣ್ಣೆ ಹಾಕಿ ಬಾಚಿದ ತಲೆ, ಮಾತಿನಲ್ಲಿ ಬೆಲ್ಲ. ಆ ದಿನಗಳಲ್ಲಿ ಅವರ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವರ ಜೀಪು ನಮ್ಮ ಮನೆ ಮುಂದೆ ನಿಂತಿತು. ಮಾವ ಬೆವರುತ್ತ ಜಗಲಿಗೆ ಚಾಪೆ ಹಾಸಿದ. ನಾಟಕ ನಿಲ್ಲಿಸಿ ಅನ್ನಲು ಬಂದಿದ್ದಾರೆ ಎಂದು ನಾವೆಲ್ಲ ತಿಳಿದೆವು.

“ಛೇ ಛೇ, ನಿಲ್ಸಾಕೆ ಯಾಕ್ರೀ ಮೇಷ್ಟ್ರೆ? ಭಾಳ ಚಲೋ ನಾಟಕ,” ಅಂದರು ಅಧ್ಯಕ್ಷರು. “ಜಗಳೂರಾಗೆ ದೊಡ್ಡ ಕಾರ್ಯಕ್ರಮ ಐತೆ. ಸರ್ಕಾರದ ಸಾಧನೆ ಜನಕ್ಕೆ ತಿಳೀಬೇಕು. ಮ್ಯಾಲಿನ ಸಾಹೇಬ್ರು ಬರ್ತಾರೆ. ಅವತ್ತು ನಿಮ್ದೇ ನಾಟಕ. ಒಂಚೂರು ತಿದ್ದಿದ್ರಾತು.”

“ಏನು ತಿದ್ದಬೇಕ್ರೀ?” ಎಂದ ಮಾವ.

“ಅರಸ ಒಳ್ಳೇವ್ನಾಗ್ಬೇಕು. ಡಂಗುರದ ಮಾತು ಹಂಗೇ ಇರ್ಲಿ, ಅದು ಭಾಳ ಚಂದೈತೆ. ಆ ಮುದುಕಿ ಐತಲ್ಲ, ಆಕೆಗೆ ಶತ್ರುದೇಶದೋರು ತಲೆಕೆಡಿಸಿರ್ತಾರೆ. ಕೊನೀಗೆ ಬುದ್ಧಿ ಬಂದು, ‘ಹೌದು ಮಹಾಪ್ರಭು, ನನಗೆ ಮಗನೇ ಇರ್ಲಿಲ್ಲ’ ಅಂತ ಕಾಲಿಗೆ ಬೀಳ್ತಾಳೆ. ಆ ಹಾಲಿನ ಮಾತು ಬ್ಯಾಡ. ಹೆಂಗಸರು ಮಕ್ಳು ಕುಂತಿರ್ತಾರೆ, ಅಸಹ್ಯ.”

ಅಸಹ್ಯವಂತೆ! ನಾನು ಬಾಗಿಲ ಹಿಂದೆ ನಿಂತಿದ್ದೆ. ಅತ್ತೆ ಚಹಾ ಲೋಟ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಅವಳು ಲೋಟವನ್ನು ಅವರ ಮುಂದೆ ಇಟ್ಟು ಒಳಗೆ ಬಂದಳು. ಜೀಪು ಹೋದಮೇಲೆ ಮಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಅತ್ತೆ ಅವನ ಕಡೆ ತಿರುಗಲಿಲ್ಲ.

“ನನ್ನ ಮಾತು ತೆಗೀತೀರೇನ್ರೀ?”

“ಏನ್ ಮಾಡ್ಲಿ ಗೌರೀ? ನಾನೊಬ್ನೇ ಆಗಿದ್ರೆ ಹೋಗತ್ಲಾಗೆ ಅಂತಿದ್ದೆ. ತಿಪ್ಪಣ್ಣಂಗೆ ನಾಲ್ಕು ಮಕ್ಳು ಅದಾವೆ. ಡಂಗುರದ ಪಾರ್ಟಿನ ಕೊಟ್ರೇಶಿಗೆ ಹೋದ ತಿಂಗ್ಳು ಮದುವೆ ಆಗೈತೆ. ಒಲ್ಲೆ ಅಂದ್ರೆ ಎಲ್ರನ್ನೂ ಒಳಗೆ ಹಾಕ್ತಾರೆ.”

“ಅವತ್ತು ದೊಡ್ಡೋರು ಹುಟ್ಟೇ ಇರ್ಲಿಲ್ಲ ಅಂದ್ರು. ಇವತ್ತು ಇವ್ರು ಬಂದು, ನನ್ನ ಬಾಯಿಲೇ ಹಂಗನ್ನಿಸ್ತಾರೆ. ಅಲ್ರೀ, ನನ್ನ ಕೂಸು ಇವ್ರ ಅಪ್ಪನ ಮನೇದೇನ್ರೀ?”

ಮಾವ ಆ ದಿನ ಒಲೆಯ ಮುಂದೆ ಕೂರಲಿಲ್ಲ, ಹೊರಗೆ ಜಗಲಿಯಲ್ಲೇ ಉಂಡ. ನನಗೆ ಮಾವನ ಮೇಲೆ ಸಿಟ್ಟು ಬಂತು, ಬಂದದ್ದನ್ನು ಮುಚ್ಚಿಡುವುದಿಲ್ಲ. ಹದಿನೇಳು ವರ್ಷದವಳಿಗೆ ಇನ್ನೊಬ್ಬರ ಧೈರ್ಯದ ಬಗ್ಗೆ ತೀರ್ಪು ಕೊಡುವುದು ಭಾರೀ ಸುಲಭ.

ಕಾರ್ಯಕ್ರಮದ ದಿನ ನಾನೂ ಅತ್ತೆಯೂ ಜಗಳೂರಿಗೆ ಹೋದೆವು. ಬರಬೇಡಿ ಎಂದು ಮಾವ ಹೇಳಿದ್ದ. ಅತ್ತೆ ಬಸ್ಸು ಹತ್ತಿದಳು, ನಾನು ಹಿಂದೆಯೇ ಹತ್ತಿದೆ. ಮೇಲಿನ ಸಾಹೇಬರು ಸಂಜೆಯೊಳಗೆ ವಾಪಸಾಗಬೇಕಿದ್ದರಿಂದ ನಾಟಕ ನಡುಮಧ್ಯಾಹ್ನ. ನಮ್ಮ ಜನ ಹುಟ್ಟಿದಾಗಿನಿಂದ ಹಗಲು ನಾಟಕ ನೋಡಿದವರಲ್ಲ. ಶಾಮಿಯಾನ ಕುರ್ಚಿಗಳಿಗಷ್ಟೇ; ರಂಗದ ಮೇಲೆ ಸುಡುಸುಡು ಬಿಸಿಲಿನಲ್ಲಿ ಅರಸನ ಮುಖದ ಬಣ್ಣ ಕರಗಿ ಕುತ್ತಿಗೆಗೆ ಇಳಿಯುತ್ತಿತ್ತು. ರಾಣಿಯ ಗಡ್ಡದ ಬುಡ ಹಸಿರಾಗಿ ಕಾಣುತ್ತಿತ್ತು. ಇದೇ ಕಿರೀಟ ಬಿಸಿಲಿಗೆ ಕಾದು ಹಂಚಾಗಿ, ಅರಸ ಆಗಾಗ ಅದನ್ನೆತ್ತಿ ತಲೆಗೆ ಗಾಳಿ ಹಾಕಿಕೊಳ್ಳುತ್ತಿದ್ದ. ಮುಂದಿನ ಸಾಲಿನ ಕುರ್ಚಿಗಳಲ್ಲಿ ಸಾಹೇಬರು, ಪಕ್ಕದಲ್ಲಿ ಅಧ್ಯಕ್ಷರು. ಹಿಂದೆ ಲಾರಿಗಳಲ್ಲಿ ತುಂಬಿಸಿಕೊಂಡು ಬಂದ ಜನ, ಸೊಕ್ಕೆಯವರು, ಸುತ್ತಲಿನ ಹಳ್ಳಿಯವರು. ಎಲ್ಲರೂ ಹಳೆಯ ನಾಟಕ ನೋಡಿದವರೇ. ಅವರಿಗೆ ಮಾತೆಲ್ಲ ಬಾಯಿಪಾಠ. ಇದನ್ನು ಅಧ್ಯಕ್ಷರು ಲೆಕ್ಕಕ್ಕೆ ತಗೊಂಡಿರಲಿಲ್ಲ.

ಮುದುಕಿ ಬಂದಳು. ಅರಸ, “ಅಜ್ಜಿ, ನಿನಗೆ ಮಗನೇ ಹುಟ್ಟಿರಲಿಲ್ಲ” ಅಂದ. ಸಾವಿರ ಜನ ಉಸಿರು ಹಿಡಿದು ಮುಂದಿನ ಮಾತಿಗೆ ಕಾದರು. ತಿಪ್ಪಣ್ಣ ಬಾಯಿ ತೆರೆದ. ಮುಚ್ಚಿದ. ಪೇಟಿಯ ಕಡೆ ನೋಡಿದ. ಮಾವ ತಲೆ ತಗ್ಗಿಸಿದ್ದ. “ಹೌದು ಮಹಾಪ್ರಭು... ನನಗೆ ಮಗನೇ ಇರಲಿಲ್ಲ” ಎಂದು ತಿಪ್ಪಣ್ಣ ನೆಲ ನೋಡುತ್ತ ಅಂದು ಕಾಲಿಗೆ ಬಿದ್ದ. ಬಿದ್ದವನು ಬೇಗ ಏಳಲಿಲ್ಲ, ಅಳುತ್ತಿದ್ದ. ಅಧ್ಯಕ್ಷರು ಚಪ್ಪಾಳೆ ತಟ್ಟಿದರು, ಸಾಹೇಬರೂ ತಟ್ಟಿದರು. ಹಿಂದಿನಿಂದ ಒಂದು ಚಪ್ಪಾಳೆಯೂ ಬರಲಿಲ್ಲ. ಎಲ್ಲ ಊರಿನಲ್ಲೂ ವನ್ಸ್ ಮೋರ್ ಬೀಳುತ್ತಿದ್ದ ಜಾಗದಲ್ಲಿ ಒಂದು ಕೆಮ್ಮೂ ಇಲ್ಲ. ಅತ್ತೆ ನನ್ನ ಕೈ ಹಿಡಿದಿದ್ದಳು. ಅವಳ ಬಳೆ ನನ್ನ ಮಣಿಕಟ್ಟಿಗೆ ಒತ್ತಿ ಗುರುತು ಬಿದ್ದಿತ್ತು.

ಆಮೇಲೆ ಡಂಗುರದವನು ಬಂದ. ಸೈಕಲ್ ಶಾಪಿನ ಕೊಟ್ರೇಶಿ, ತಮಟೆ ನೇತುಹಾಕಿಕೊಂಡು. “ಕೇಳ್ರಪ್ಪೋ ಕೇಳ್ರಿ! ಸುಖಪುರದಾಗೆ ಅಳೋರಿಲ್ಲ, ಹಸಿದೋರಿಲ್ಲ, ಎಲ್ಲಾರೂ ಸುಖವಾಗಿದಾರೆ!”

“ವನ್ಸ್ ಮೋರ್!” ಅಂತ ಹಿಂದಿನಿಂದ ಒಂದು ಕೂಗು ಬಂತು. ಯಾರೋ ಹೆಂಗಸು, ಸೊಕ್ಕೆ ಕಡೆಯವಳಿರಬೇಕು.

ಅಧ್ಯಕ್ಷರ ಮುಖ ಅರಳಿತು. ಸಾಹೇಬರ ಕಿವಿಯಲ್ಲಿ ಏನೋ ಹೇಳಿದರು. ನೋಡ್ರಿ, ಜನಕ್ಕೆ ಎಷ್ಟು ಹಿಡಿಸೈತೆ ಅಂತ ಇರಬೇಕು. ಕೊಟ್ರೇಶಿ ಮತ್ತೆ ಹೇಳಿದ. ಈ ಸಲ ಹತ್ತು ಕಡೆಯಿಂದ ವನ್ಸ್ ಮೋರ್. ಮತ್ತೆ ಹೇಳಿದ. ನೂರು ಕಡೆಯಿಂದ. ನೇಮ ನೇಮವೇ, ಕೇಳಿದರೆ ಹೇಳಲೇಬೇಕು. ಎಲ್ಲಾರೂ ಸುಖವಾಗಿದಾರೆ! ವನ್ಸ್ ಮೋರ್! ಹಸಿದೋರಿಲ್ಲ! ವನ್ಸ್ ಮೋರ್! ಬೆಳಗಿನಿಂದ ಲಾರಿಯಲ್ಲಿ ಬಂದು, ಊಟ ಕೊಡುತ್ತೇವೆಂದು ಹೇಳಿ ಕೊಡದೆ ಕೂರಿಸಿದ್ದ ಜನ. ಹಸಿದೋರಿಲ್ಲ ಅಂದಾಗಲೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊಟ್ರೇಶಿಯ ಗಂಟಲು ಕಟ್ಟಿತು, ಮಾತು ಹೋಗಿ ಬರೀ ಗೊಗ್ಗರು ಉಳಿಯಿತು. ಆ ಗೊಗ್ಗರಿಗೂ ವನ್ಸ್ ಮೋರ್. ಜೀಪಿನ ಮೈಕಿನಿಂದ ತಿಂಗಳುಗಟ್ಟಲೆ ನಮ್ಮ ಕಿವಿಗೆ ಸುರಿದದ್ದನ್ನು ಜನ ಒಂದೇ ಮಧ್ಯಾಹ್ನದಲ್ಲಿ ವಾಪಸು ಮಾಡಿದರು. ಸಾಹೇಬರು ಎದ್ದರು. ಅಧ್ಯಕ್ಷರ ಮುಖದ ನಗು ಆರಿದ್ದು ಆಗ.

ಕೂಗಿದ ಜನರನ್ನು ಏನು ಮಾಡಲಾದೀತು? ವನ್ಸ್ ಮೋರ್ ಅನ್ನುವುದು ಅಪರಾಧವಲ್ಲವಲ್ಲ. ಮಾವನನ್ನು ಹಿಡಿದುಕೊಂಡು ಹೋದರು. ಜನರಿಗೆ ಹೇಳಿಕೊಟ್ಟು ಕೂಗಿಸಿದವನು ಅವನೇ ಅಂತೆ! ವನ್ಸ್ ಮೋರ್ ಕಂಡರೆ ಮೈಮೇಲೆ ಚೇಳು ಬಿದ್ದವರ ಹಾಗೆ ಆಡುತ್ತಿದ್ದ ನನ್ನ ಮಾವ! ಯಾರು ಕೇಳುತ್ತಾರೆ? ತುಂಬ ದಿನ ಒಳಗಿಟ್ಟರು. ಅಲ್ಲಿ ಏನು ಮಾಡಿದರು ಎಂದು ಅವನು ಯಾವತ್ತೂ ಹೇಳಲಿಲ್ಲ. ಬಂದಾಗ ಎಡಗೈಯ ಬೆರಳುಗಳು ನೆಟ್ಟಗಾಗುತ್ತಿರಲಿಲ್ಲ. ಪೇಟಿಯನ್ನು ಗೋಣಿಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದ. ನಾಟಕದ ಮಾತೆತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದ. ತುರ್ತು ಪರಿಸ್ಥಿತಿ ಮುಗಿಯಿತು, ಗೋಡೆಗಳಿಗೆ ಸುಣ್ಣ ಬಿತ್ತು, ಎಲ್ಲರೂ ಮಾತಾಡಿದರು, ಮಾವ ಮಾತ್ರ ಆಡಲಿಲ್ಲ. ಅತ್ತೆ ರೊಟ್ಟಿ ಸುಡುವುದೂ ನಿಂತಿತು, ನಗಿಸುವವರಿರಲಿಲ್ಲ. ಒಂದು ದಿನ ಟ್ರಂಕು ಖಾಲಿ ಮಾಡುತ್ತ ಈ ಕಿರೀಟವನ್ನು ನನ್ನ ಕೈಗಿಟ್ಟು, “ಬೆಳ್ಳುಳ್ಳಿ ಇಡಾಕಾದ್ರೂ ಆಗ್ತೈತೆ, ತಗೊಂಡ್ಹೋಗು ಸುಮಿ” ಅಂದಳು.

ನಾನು ಬಿ.ಎಡ್. ಮುಗಿಸಿ ಹೊನ್ನಾಳಿಯಲ್ಲಿ ಮೇಡಂ ಆದೆ. ಎಂಬತ್ತರ ದಶಕ ಅರ್ಧ ಕಳೆದಿತ್ತು. ಒಂದು ದಿನ ಚನ್ನಗಿರಿಯಿಂದ ಕಾರ್ಡು ಬಂತು: ಮಾವನಿಗೆ ಸನ್ಮಾನ. ಮಾಡುವವರು ಯಾರು? ಅಧ್ಯಕ್ಷರು! ಅವರೀಗ ಬೇರೆ ಪಕ್ಷ. ಜುಬ್ಬಾ ಅದೇ, ಹೆಗಲ ಮೇಲಿನ ಶಾಲಿನ ಬಣ್ಣ ಬೇರೆ. ಕತ್ತಲ ದಿನಗಳಲ್ಲಿ ಎದೆಯೊಡ್ಡಿ ನಿಂತ ಕಲಾವಿದರನ್ನೆಲ್ಲ ಹುಡುಕಿ ಹುಡುಕಿ ಅವರು ಸನ್ಮಾನ ಮಾಡುತ್ತಿದ್ದರು, ಚುನಾವಣೆ ಹತ್ತಿರವಿತ್ತು. ನನಗೆ ಬಂದ ಕೋಪಕ್ಕೆ ಮಾವನ ಮನೆಗೆ ಹೋಗಿ, ಒಲ್ಲೆ ಅನ್ನು ಎಂದು ಜಗಳವಾಡಿದೆ. ಅತ್ತೆಯೇ, “ಹೋಗ್ಲಿ ಬಿಡು. ಶಾಲು ಚಳಿಗಾಲಕ್ಕೆ ಆಗ್ತೈತೆ” ಅಂದಳು.

ಸಭೆ ತುಂಬಿತ್ತು. ಜಗಳೂರಿನಿಂದ ತಿಪ್ಪಣ್ಣ, ಕೊಟ್ರೇಶಿ ಇಬ್ಬರೂ ಬಂದಿದ್ದರು. ಮಾವನಿಗೆ ಪೇಟ ಸುತ್ತಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟು ಕೂರಿಸಿದರು. ಬುಟ್ಟಿ ಜಾರದಂತೆ ಆ ಸೊಟ್ಟ ಬೆರಳಿನಿಂದ ಹಿಡಿದುಕೊಂಡಿದ್ದ. ಮುಂದೆ ಅವನಿಗೂ ಒಂದು ಮೈಕು ಇಟ್ಟಿದ್ದರು, ಅವನು ಮಾತಾಡುವುದಿಲ್ಲ ಎಂದು ಗೊತ್ತಿದ್ದೂ. ಅಧ್ಯಕ್ಷರು ಎದ್ದರು. ಅಂದು ಜಗಳೂರಿನಲ್ಲಿ ಮೊದಲ ವನ್ಸ್ ಮೋರ್ ಕೂಗಿದವರೇ ತಾವು ಅಂದರು. ನನ್ನ ಕಿವಿಯಿಂದ ಹೊಗೆ ಬರುವುದೊಂದು ಬಾಕಿ. ಅಷ್ಟಕ್ಕೇ ನಿಲ್ಲಿಸಲಿಲ್ಲ ಪುಣ್ಯಾತ್ಮರು.

“ಕೆಲವ್ರು ಅಪಪ್ರಚಾರ ಮಾಡ್ತಾರೆ. ಅವತ್ತು ಮೇಷ್ಟ್ರ ನಾಟಕದಾಗೆ ಯಾವ್ದೋ ಮಾತು ತೆಗ್ಸಿದ್ರು ಅಂತ. ನಾನು ಇದ್ದೆ, ನಾನು ಹೇಳ್ತೀನಿ ಕೇಳ್ರಿ. ಒಂದಕ್ಷರ ಮುಟ್ಟಾಕೆ ನಾನು ಬಿಟ್ಟಿಲ್ಲ. ಆ ಮುದುಕಿ ಮಾತು ಅಂತಾರಲ್ಲ, ಅಂಥಾ ಮಾತು ಆ ನಾಟಕದಾಗೆ ಹುಟ್ಟೇ ಇರ್ಲಿಲ್ಲ!”

ನಾನು ಎದ್ದು ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಪಕ್ಕದ ಕುರ್ಚಿ ಸದ್ದಾಯಿತು. ಅತ್ತೆ ಎದ್ದು ನಿಂತಿದ್ದಳು. ಗಂಡಸರ ಸಭೆಯಲ್ಲಿ ಎಂದೂ ಬಾಯಿಬಿಟ್ಟವಳಲ್ಲ. ಕೂಗಲಿಲ್ಲ, ಮಾಮೂಲಿನ ದನಿಯಲ್ಲೇ ಕೇಳಿದಳು.

“ಹಂಗಾದ್ರೆ ನನ್ನ ಎದೆಹಾಲು ಕುಡಿದೋರು ಯಾರು?”

ಅಧ್ಯಕ್ಷರು ಬಾಯಿ ತೆರೆದುಕೊಂಡೇ ನಿಂತರು. ತಿಪ್ಪಣ್ಣ ಎರಡು ಕೈಯಿಂದ ಮುಖ ಮುಚ್ಚಿಕೊಂಡಿದ್ದ. ಯಾರಾದರೂ ಕೂಗಬಹುದು ಎಂದು ನಾನು ಸುತ್ತ ನೋಡಿದೆ, ಯಾರಿಗೂ ಬಾಯಿ ಬರಲಿಲ್ಲ. ಆಗ ಮಾವ ಹಣ್ಣಿನ ಬುಟ್ಟಿಯನ್ನು ನೆಲಕ್ಕಿಟ್ಟ. ಪೇಟ ತೆಗೆದು ಅದರ ಮೇಲಿಟ್ಟ. ಸೊಟ್ಟ ಬೆರಳಿನಿಂದ ಮೈಕನ್ನು ಹತ್ತಿರ ಎಳೆದುಕೊಂಡ.

“ಗೌರೀ,” ಅಂದ. ಇಷ್ಟು ವರ್ಷ ಆಡದೆ ತುಕ್ಕು ಹಿಡಿದಿದ್ದ ದನಿ. “ವನ್ಸ್ ಮೋರ್.”

ಅತ್ತೆ ಸೆರಗು ಸರಿಮಾಡಿಕೊಂಡು, ಅಧ್ಯಕ್ಷರ ಮುಖವನ್ನೇ ನೋಡುತ್ತ ಮತ್ತೆ ಕೇಳಿದಳು.